ಸಾಯಬಾರದ ರಾಜ

ನಿಜಾಮರ ಆಳ್ವಿಕೆ ಮುಗಿಯುತ್ತಿದ್ದ ಕಾಲ. ನಮ್ಮೂರಿನ ದೊಡ್ಡಾಟಕ್ಕೆ ಪರವಾನಗಿ ಕೇಳಲು ನಾನು ಅಫಜಲಪುರದ ಠಾಣೆಗೆ ಹೋದೆ. ಮೇಳದಲ್ಲಿ ರಾಣಿಯ ವೇಷ ನನ್ನದು. ಅಷ್ಟಿಷ್ಟು ಉರ್ದು ಬಲ್ಲವನೂ ನಾನೊಬ್ಬನೇ.

ಬೇವಿನ ನೆರಳಲ್ಲಿ ಕೂತಿದ್ದ ಠಾಣೆಯ ಅಧಿಕಾರಿ ಅಮೀನ್ ಸಾಹೇಬರು, "ಆಟದ ಕಿತಾಬ್ ಎಲ್ಲಿ? ಓದ್ಲಾರ್ದೇ ಸಹಿ ಹಾಕಂಗಿಲ್ಲ" ಎಂದು ನಮ್ಮ ಮಾತಿನಲ್ಲೇ ಅಂದರು.

"ಕಿತಾಬ್ ಇಲ್ರೀ ಸಾಹೇಬ್ರ. ಆಟ ನಮ್ಮ ಬಾಯಾಗ ಅದ."

"ಹಂಗಾದ್ರ ಬಾಯಿಲೇ ಹೇಳು."

ಹೇಳುತ್ತಾ ಹೋದೆ. ರಾಜನೂ ನಾನೇ, ರಾಣಿಯೂ ನಾನೇ, ಶತ್ರುವಿನ ಕುದುರೆಯೂ ನಾನೇ. ಬೇವಿನ ಹೂವು ಅವರ ಟೋಪಿಯ ಮೇಲೆ ಉದುರುತ್ತಿತ್ತು, ಅವರು ಕೊಡವಲಿಲ್ಲ. ಠಾಣೆ ಎಲ್ಲೋ ಕರಗಿಹೋಗಿ, ಭೀಮೆಯ ಆಚೆ ದಂಡೆಯಲ್ಲಿ ರಾಜನ ಡೇರೆಗಳು ಎದ್ದಂತೆ ನನಗೇ ಕಾಣಿಸಿತು.

"ಕೊನಿಗೆ ರಾಜಾ ಏನಾದ?"

ಆ ದಿನಗಳಲ್ಲಿ ರಾಜ ಸಾಯುವ ಕಥೆಯನ್ನು ಠಾಣೆಯಲ್ಲಿ ಹೇಳಿದವನಿಗೆ ಜೈಲು ದೂರವಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಆದರೆ ಗುರುವಿನ ಬಾಯಿಂದ ಕಲಿತ ಆಟವನ್ನು ತಿರುಚಲು ಬಾಯಿ ಬರಲಿಲ್ಲ.

"ಸಾಯ್ತಾನ್ರಿ."

ಸಾಹೇಬರ ಕಣ್ಣು ಒದ್ದೆಯಾಗಿತ್ತು. "ಅಷ್ಟು ಛಲೋ ಮನಷ್ಯಾನ್ನ ಯಾಕ ಕೊಲ್ತೀರಿ? ಬ್ಯಾಡ, ಅಂವ ಬದುಕಬೇಕು" ಎಂದವರೇ, ಅದನ್ನೇ ಶರತ್ತಾಗಿ ಬರೆದು ಮೊಹರು ಒತ್ತಿದರು.

ಮೇಳದ ಹಿರಿಯರು ಗೊಣಗುತ್ತಲೇ ಒಪ್ಪಿದರು. ಆಟದ ರಾತ್ರಿ, ಸತ್ತು ಬೀಳಬೇಕಾದ ರಾಜನನ್ನು ರಾಣಿಯಾಗಿ ನಾನು ಹಾಡಿ ಎಬ್ಬಿಸಿದೆ. ಜನ ಸಿಳ್ಳು ಹೊಡೆದರು.

ಮಳೆಗಾಲ ಮುಗಿಯುವಷ್ಟರಲ್ಲಿ ನಿಜಾಮರ ರಾಜ್ಯವೇ ಮುಗಿಯಿತು. ಸಾಹೇಬರು ಎಲ್ಲಿ ಹೋದರೋ, ಆ ಶರತ್ತನ್ನು ರದ್ದು ಮಾಡಲು ಮಾತ್ರ ಯಾರೂ ಬರಲಿಲ್ಲ. ನಮ್ಮೂರ ಆಟದ ರಾಜ ಇನ್ನೂ ಸತ್ತಿಲ್ಲ.