ಅಕ್ಕನ ಹೆಬ್ಬೆರಳು

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ಅಗಲವಾಗಿ, ದಪ್ಪವಾಗಿ, ಸಲಿಕೆಯ ಬಾಯಿಯಂತೆ ಇತ್ತು. ಅದರ ಸಂದಿಯಲ್ಲಿ ಸದಾ ಕೆಂಪು ಮಣ್ಣು. ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ಆ ಉಗುರು ಒತ್ತಿ ನೋಡದೆ ಅವಳು ಯಾವುದನ್ನೂ ಮನೆಯೊಳಗೆ ತರುತ್ತಿರಲಿಲ್ಲ. ಬದನೆಕಾಯಿ, ಚಪ್ಪಲಿಯ ತೊಗಲು, ಕುಂಬಾರನ ಗಡಿಗೆ, ಎಲ್ಲಕ್ಕೂ ಅದೇ ಪರೀಕ್ಷೆ. ಕಮಲಾಪುರದ ಸಂತೆಯಲ್ಲಿ ಬೆಲ್ಲದವನು ಅವಳನ್ನು ಕಂಡ ಕೂಡಲೇ ಗೋಣಿ ಮುಚ್ಚುತ್ತಿದ್ದ.

“ಯಕ್ಕಾ, ಬೆಲ್ಲ ತಗೊಳ್ಳಾಕ ಬಂದೀರೋ, ತೂತು ಹೊಡ್ಯಾಕ ಬಂದೀರೋ?”

“ನಿನ್ನ ಬೆಲ್ಲದಾಗ ಉಸುಕು ಇಲ್ಲಂದ್ರ ನಿಂಗ್ಯಾಕ ಇಷ್ಟು ಅಂಜಿಕಿ?”

ಮನುಷ್ಯರ ವಿಷಯದಲ್ಲೂ ಅಷ್ಟೆ. ನಗುತ್ತಾ ಮಾತಾಡುವವರನ್ನು ಅವಳು ನಂಬುತ್ತಲೇ ಇರಲಿಲ್ಲ. ಗಂಡನ ಮನೆ ಬಿಟ್ಟು ಬಂದ ಮೇಲೆ ಹಾಗಾದಳೋ, ಮೊದಲಿನಿಂದಲೂ ಹಾಗಿದ್ದಳೋ ನಾನರಿಯೆ. ಅಪ್ಪ ತೀರಿದ ಮೇಲೆ ಹೊಲ ನೋಡಿಕೊಂಡವಳು ಅವಳೇ. ದಿನವೂ ಬೆಳಿಗ್ಗೆ ಹೊಲದ ಎಲ್ಲೆಯ ಹದ್ದಿನ ಕಲ್ಲುಗಳನ್ನು ಕಾಲಿನಿಂದ ಒದ್ದು, ಅಲುಗಾಡಿವೆಯೇ ಎಂದು ನೋಡಿ ಬರುತ್ತಿದ್ದಳು.

ಹೊಲ ಊರ ಹೊರಗೆ, ರಸ್ತೆಗೆ ಹತ್ತಿರ. ಕೆಳಗೆ ಬಾವಿಯ ಸುತ್ತ ಮಸಾರಿ, ಕೆಂಪು ಮಣ್ಣು. ಅಲ್ಲಿ ನಮ್ಮ ಕಡೆಯ ಕೆಂಪು ಬಾಳೆ ಬೆಳೆಯುತ್ತಿತ್ತು. ಮೇಲೆ ಮಡ್ಡಿ, ಬರೀ ಕಲ್ಲು. ಅಲ್ಲಿ ಆಡಿಗೂ ಹೊಟ್ಟೆ ತುಂಬುತ್ತಿರಲಿಲ್ಲ.

ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಕಲಬುರಗಿಯ ತೊಗರಿಬೇಳೆ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದೆ. ಶರಣಬಸವೇಶ್ವರ ಗುಡಿಯ ಹಿಂದಿನ ಗಲ್ಲಿಯಲ್ಲಿ ತಗಡಿನ ಒಂದು ಕೋಣೆ, ಹೆಂಡತಿ, ಇಬ್ಬರು ಮಕ್ಕಳು. ಮನೆಯ ಮಾಲೀಕರಿಗೆ ಹೆಚ್ಚು ಬಾಡಿಗೆ ಕೊಡುವವರು ಸಿಕ್ಕಾಗಲೆಲ್ಲ ನಾವು ಪಾತ್ರೆ ಕಟ್ಟಬೇಕಿತ್ತು. ಸ್ವಂತ ಮನೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಆಗ ಕಲಬುರಗಿಯ ಹೊರಗೆ ಶರಣಸಿರಸಗಿಯ ಕಡೆ ಹೊಲಗಳೆಲ್ಲ ಪ್ಲಾಟು ಆಗುತ್ತಿದ್ದವು. ಅಲ್ಲಿಯ ದಲ್ಲಾಳಿಯೊಬ್ಬ ನನ್ನನ್ನು ಹುಡುಕಿಕೊಂಡು ಮಿಲ್ಲಿಗೆ ಬಂದ. ನಮ್ಮ ಮಸಾರಿ ಅವನ ಕಣ್ಣಿಗೆ ಬಿದ್ದಿತ್ತು. ಅದನ್ನು ಮಾರಿ ಮನೆ ಮಾಡೋಣ ಎಂದು ಊರಿಗೆ ಹೋಗಿ ಅಕ್ಕನಿಗೆ ಹೇಳಿದೆ. ಅವಳು ಬಾಳೆಯ ಒಣಎಲೆ ಕೀಳುತ್ತಾ ತಿರುಗಿಯೂ ನೋಡಲಿಲ್ಲ.

“ಉಣ್ಣೋ ಗಂಗಾಳದಾಗ ಯಾರರ ಹಾಸಿಗಿ ಹಾಸ್ತಾರೇನೋ?”

“ನನ್ನ ಮಕ್ಕಳಿಗಿಂತ ನಿಂಗ ಬಾಳಿಗಿಡ ಹೆಚ್ಚಾದ್ವು.”

“ಮನಿ ಆಗ್ತದ ತಡಿ ತಮ್ಮಾ. ಎಲ್ಲಿ ಆಗಬೇಕೋ ಅಲ್ಲಿ ಆಗ್ತದ.”

“ಎಲ್ಲಿ?”

“ಆದಾಗ ಹೇಳ್ತೀನಿ. ನಿನ್ನ ಕಿವಿಗಿ ಬಿದ್ದದ್ದು ಸಂಜೀಗಿ ಮಿಲ್ಲಿನಾಗ ಇರ್ತದ.”

ಆ ಹೇಳದ ಮಾತು ನನ್ನೊಳಗೆ ಮುಳ್ಳಿನಂತೆ ಉಳಿಯಿತು. ದಲ್ಲಾಳಿ ಅದನ್ನು ಇನ್ನಷ್ಟು ಒಳಗೆ ಚುಚ್ಚಿದ. “ಅಣ್ಣಾ, ನಿಮ್ಮ ಅಕ್ಕೋರು ಪಂಚಾಯ್ತಿ ಮೆಂಬರ್ ಮನಿಗಿ ದಿನಾ ಹೋಗಿ ಬರ್ಲಾಕತ್ತಾರ. ಸುಮ್‌ಸುಮ್ನೆ ಹೋಗ್ತಾರೇನ್ರಿ?”

ಒಂದು ದಿನ ಹೇಳದೆ ಕೇಳದೆ ಬಸ್ಸು ಹತ್ತಿ ಹೋದೆ. ಮಡ್ಡಿಯ ಮೇಲೆ ಸುಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿದ್ದವು. ಅಂಥ ಕಲ್ಲು ಎಂದರೆ ಏನೆಂದು ಕಲಬುರಗಿಯಲ್ಲಿದ್ದವನಿಗೆ ಯಾರೂ ಹೇಳಬೇಕಿರಲಿಲ್ಲ. ನನಗೆ ಗಂಗಾಳದ ಕಥೆ ಹೇಳಿ, ತಾನು ಹಿಂದಿನಿಂದ ಪ್ಲಾಟು ಮಾರುತ್ತಿದ್ದಾಳೆ ಎಂದುಕೊಂಡೆ. ಮನೆಗೆ ಹೋಗಲಿಲ್ಲ. ಅದೇ ಬಸ್ಸಿಗೆ ಹಿಂದಿರುಗಿದೆ.

ಹೊಲ ಇಬ್ಬರ ಹೆಸರಿನಲ್ಲಿತ್ತು. ದಲ್ಲಾಳಿಯೇ ಅದನ್ನು ಪಾಲು ಮಾಡುವ ವಾಟಣಿ ಪತ್ರ ಬರೆಸಿಕೊಟ್ಟ. ಮಡ್ಡಿ ಅಕ್ಕನಿಗೆ, ಮಸಾರಿ ನನಗೆ. ಮನೆ ಕಟ್ಟುವ ಸಾಲಕ್ಕೆ ಬ್ಯಾಂಕಿನವರು ನನ್ನ ಪಾಲಿನ ಕಾಗದ ಕೇಳಿದ್ದಾರೆ ಎಂದು ಅಕ್ಕನಿಗೆ ಸುಳ್ಳು ಹೇಳಿ ನೋಂದಣಿ ಕಚೇರಿಗೆ ಕರೆದೊಯ್ದೆ. ಕರೆಂಟಿನ ಬಿಲ್ಲನ್ನೂ ಇಬ್ಬರ ಕೈಲಿ ಓದಿಸುವವಳು ಅವಳು.

“ಓದಿ ಹೇಳ್ಲೇನವ್ವಾ?” ಎಂದು ಗುಮಾಸ್ತ ಕೇಳಿದ.

“ನಮ್ಮ ತಮ್ಮ ತಂದಾನ. ಅದರಾಗ ಓದೂದೇನದ?”

ಹೆಬ್ಬೆರಳು ಒತ್ತಿದಳು. ಶಾಯಿ ಉಗುರಿನ ಕೆಂಪು ಮಣ್ಣಿಗೆ ಇಳಿಯಿತು. ಇಷ್ಟು ಸಲೀಸಾಗಿ ಆಯಿತಲ್ಲ ಎಂದು ನಾನು ಹಿಗ್ಗಿದೆ.

ಮಸಾರಿಯನ್ನು ದಲ್ಲಾಳಿಗೆ ಮಾರಿದೆ. ತಿಂಗಳೊಳಗೆ ನೆಲ ಸಮ ಮಾಡುವ ಯಂತ್ರ ಬಂತು. ಬಾಳೆ ಉರುಳಿತು. ನಾನು ಹೋದಾಗ ಅಕ್ಕ ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಕೂಗಿದೆ, “ನೀ ಮಡ್ಡಿ ಮಾರಬಹುದು, ನಾ ಮಸಾರಿ ಮಾರಬಾರ್ದೇನು?”

“ಮಡ್ಡಿ ಯಾರಿಗಿ ಮಾರೀನೋ?”

ಎದ್ದು ಮುಂದೆ ನಡೆದಳು. ಹಿಂದೆ ಹೋದೆ. ಮಡ್ಡಿಯ ಮೇಲೆ ನಮ್ಮ ಬಾಳೆಯಲ್ಲಿ ಕೂಲಿ ಮಾಡುತ್ತಿದ್ದ ಮುದುಕಿ ಕಲ್ಲಿನ ಸುತ್ತ ಹುಲ್ಲು ಕೀಳುತ್ತಿದ್ದಳು. ಆ ಕೂಲಿಯವರ ಗುಡಿಸಲುಗಳೆಲ್ಲ ಹಳ್ಳದ ದಂಡೆಯಲ್ಲಿದ್ದವು. ಮಳೆಗಾಲದಲ್ಲಿ ನೀರು ಒಲೆಯವರೆಗೆ ಬರುತ್ತಿತ್ತು. ಜಾಗ ತೋರಿಸಿದರೆ ಮನೆ ಕಟ್ಟಿಸುತ್ತೇವೆ ಎಂದು ಪಂಚಾಯ್ತಿಯವರು ಹೇಳಿದ್ದರಂತೆ. ಅಕ್ಕ ಮಡ್ಡಿ ತೋರಿಸಿದ್ದಳು.

“ಇದು ನಮ್ದ್ರಿ, ಅದು ನಮ್ಮ ಮೈದುನಂದು,” ಎಂದು ಮುದುಕಿ ಕೈ ಮಾಡಿದಳು. “ಆ ತುದಿಗಿ ದೊಡ್ಡ ಕಲ್ಲು ನಿಮ್ದು. ತಮ್ಮಗ ಬಾಗಿಲದಾಗ ನಿಂತ್ರ ಬಾವಿ ಕಾಣಬೇಕಂತ ಅಕ್ಕೋರೇ ಹೂಳಿಸ್ಯಾರ.”

ಅಕ್ಕ ಬೈಯಲಿಲ್ಲ.

“ಒಂದ್ ಮಾತು ಕೇಳಿದ್ರ ಆಗ್ತಿತ್ತಲ್ಲೋ ತಮ್ಮಾ,” ಎಂದಳು. ಪಕ್ಕದ ಕಲ್ಲನ್ನು ಕಾಲಿನಿಂದ ಒದ್ದು ನೋಡಿ, “ನಾನೂ ಹೇಳಬೇಕಾಗಿತ್ತು,” ಎಂದಳು.

ಬಂದ ದುಡ್ಡು ಕಲಬುರಗಿಯಲ್ಲಿ ಮನೆಗೆ ಸಾಲಲಿಲ್ಲ. ಬಾಡಿಗೆಗೆ, ಹೆಂಡತಿಯ ಆಪರೇಶನ್ನಿಗೆ ಕರಗಿತು. ಮಡ್ಡಿಯ ಮೇಲೆ ಮನೆಗಳು ಎದ್ದವು. ತುದಿಯ ದೊಡ್ಡ ಕಲ್ಲಿನ ಜಾಗವನ್ನು ಅಕ್ಕ ಬೇರೆ ಯಾರಿಗೂ ಕೊಡಲಿಲ್ಲ. ಈಗ ನಾನಿರುವುದು ಅಲ್ಲೇ. ಕೆಳಗಿನ ಪ್ಲಾಟುಗಳನ್ನು ಕೊಂಡವರೆಲ್ಲ ನಗರದಲ್ಲಿ ಮನೆಯುಳ್ಳವರು. ಬೆಲೆ ಬರಲಿ ಎಂದು ಖಾಲಿ ಬಿಟ್ಟಿದ್ದಾರೆ. ಇವತ್ತಿಗೂ ಅಲ್ಲಿ ಒಂದು ಗೋಡೆ ಎದ್ದಿಲ್ಲ. ಬಾಗಿಲಲ್ಲಿ ನಿಂತರೆ ಜಾಲಿಯ ನಡುವೆ ಬಾವಿ ಮುಚ್ಚಿದ ಜಾಗ ಕಾಣುತ್ತದೆ.

ಅಕ್ಕ ತೀರಿಕೊಂಡ ದಿನ ಆ ಮನೆಗಳಲ್ಲಿ ಯಾರೂ ಒಲೆ ಹಚ್ಚಲಿಲ್ಲ. ಅವಳು ಯಾರನ್ನೂ ನಂಬುತ್ತಿರಲಿಲ್ಲ ಎಂದು ಊರವರು ಈಗಲೂ ನಗುತ್ತಾ ನೆನೆಯುತ್ತಾರೆ. ನಾನು ನಗಲಾರೆ. ಮೊದಲೆಲ್ಲ ನಾನು ಕಲಬುರಗಿಯಿಂದ ಏನು ಒಯ್ದರೂ, ಹಣ್ಣಾಗಲಿ ಬಟ್ಟೆಯಾಗಲಿ, ಅಕ್ಕ ಬಿಚ್ಚಿ ನೋಡದೆ ಒಳಗಿಡುತ್ತಿದ್ದಳು. ಅದು ನನ್ನ ಲಕ್ಷ್ಯಕ್ಕೆ ಬಂದದ್ದು ಈ ಮನೆ ಹೊಕ್ಕ ದಿನ. ಹುಗ್ಗಿಗೆಂದು ಬೆಲ್ಲದ ಮುದ್ದೆ ತಂದು ಅವಳ ಕೈಗೆ ಕೊಟ್ಟೆ. ಅಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡು ಹೆಬ್ಬೆರಳಿನ ಉಗುರು ಒತ್ತಿದಳು. ನೆಕ್ಕಿ ನೋಡಿದಳು.

“ಛಲೋ ಅದ,” ಎಂದು ಒಳಗೆ ಹೋದಳು.