ಮೂಗು ನನ್ನದು, ನಾಲಿಗೆ ಇವರದು

ನಮ್ಮ ಮನೆಯ ಊಟದ ಮೇಜಿನ ಮೇಲೆ ಮೊದಲ ಸಲ ವಿಸ್ಕಿ ಬಂದು ಕುಳಿತದ್ದು ಒಂದು ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ. ದೋಸೆ ಕಾವಲಿ ಇನ್ನೂ ಆರಿರಲಿಲ್ಲ. ಇವರು ಚೀಲದಿಂದ ಮೂರು ಪುಟ್ಟ ಬಾಟಲಿಗಳನ್ನು ತೆಗೆದು ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಸಾಲಾಗಿ ಇಟ್ಟರು. ಮಕ್ಕಳ ಕೆಮ್ಮಿನ ಔಷಧಿಯ ಬಾಟಲಿಗಿಂತಲೂ ಚಿಕ್ಕವು.

"ಸ್ವಲ್ಪ ಮೂಸಿ ನೋಡು ಮಾರಾಯ್ತಿ" ಎಂದರು.

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಇವರು ಮನೆಗೆ ಬಾಟಲಿ ತಂದವರಲ್ಲ. ಕೆಲಸ ಮಾತ್ರ ಬಾಟಲಿಗಳ ನಡುವೆಯೇ. ಮುಂಬಯಿ ಹತ್ತಿರದ ಡೊಂಬಿವಲಿಯ ಎಂಐಡಿಸಿಯಲ್ಲಿ, ಕೆಮಿಕಲ್ ಫ್ಯಾಕ್ಟರಿಗಳ ನಡುವೆ, ನಮ್ಮ ಉಡುಪಿ ಕಡೆಯವರದೇ ಒಂದು ಬಾರ್ ಮತ್ತು ರೆಸ್ಟೋರೆಂಟ್. ಅಲ್ಲಿ ಇವರು ಮ್ಯಾನೇಜರ್. ಆ ಬಾರಿನಲ್ಲಿ ಇವರ ಹೆಸರು ನಿಂತದ್ದೇ ಮೂಗಿನ ಮೇಲೆ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ದುಬಾರಿ ಬಾಟಲಿಗಳ ಮುಚ್ಚಳ ಒಂದೊಂದಾಗಿ ತೆಗೆದು, ಅಂಗೈಗೆ ಒಂದು ಹನಿ ಹಾಕಿ ಉಜ್ಜಿ ಮೂಸುವುದು ಇವರ ಪದ್ಧತಿ. ಯಾವನಾದರೂ ವೇಟರ್ ಒಂದು ಪೆಗ್ ಕದ್ದು ಆ ಜಾಗಕ್ಕೆ ಅಗ್ಗದ ಮಾಲು ಸುರಿದಿದ್ದರೆ ಆ ಒಂದು ಹನಿಯಲ್ಲೇ ಸಿಕ್ಕಿಬೀಳುತ್ತಿದ್ದ. ಬಾರಿನ ಮಾಲೀಕರಾಗಿದ್ದ, ಈಗ ತೀರಿಹೋದ ಹಳೆಯ ಸೇಟ್ರು ಬಂದವರಿಗೆಲ್ಲ ಹೇಳುತ್ತಿದ್ದರಂತೆ, "ನಮ್ಮ ಮ್ಯಾನೇಜರರ ಮೂಗಿರುವಾಗ ಕಪಾಟಿಗೆ ಬೀಗ ಯಾಕೆ?"

ಆ ಮೂಗು ಕೊರೋನಾದಲ್ಲಿ ಹೋಯಿತು. ಜ್ವರ ಇಳಿಯಿತು, ಸುಸ್ತು ಇಳಿಯಿತು, ತೂಕವೂ ವಾಪಸು ಬಂತು. ವಾಸನೆ ಮಾತ್ರ ಬರಲಿಲ್ಲ. ಡಾಕ್ಟರು ಆರು ತಿಂಗಳು ಎಂದರು, ಮತ್ತೆ ಒಂದು ವರ್ಷ ಎಂದರು, ಆಮೇಲೆ ಇವರೇ ಹೋಗುವುದನ್ನು ಬಿಟ್ಟರು. ಮೂರು ವರ್ಷ ಕಳೆದರೂ ಈ ಸಂಗತಿ ಗೊತ್ತಿದ್ದದ್ದು ನನಗೆ ಮತ್ತು ಮಗಳಿಗೆ ಮಾತ್ರ.

ಈಗ ಬಾರನ್ನು ನೋಡಿಕೊಳ್ಳುವುದು ಹಳೆಯ ಸೇಟ್ರ ಮಗ, ಸಣ್ಣ ಸೇಟು. ಇಲ್ಲೇ ಹುಟ್ಟಿದ ಹುಡುಗ, ಮೂವತ್ತೈದರ ಆಸುಪಾಸು, ಇವರನ್ನು ಅಣ್ಣ ಎನ್ನುತ್ತಾನೆ, ನನ್ನನ್ನು ಅತ್ತಿಗೆ. ಸುತ್ತಮುತ್ತ ಟವರುಗಳು ಎದ್ದಿವೆಯಲ್ಲ, ಆ ಜನರಿಗಾಗಿ ಅವನು ಮೇಲೊಂದು ಎಸಿ ಸೆಕ್ಷನ್ ಮಾಡಿದ್ದ. ಅಲ್ಲಿ ಸ್ಕಾಚ್ ಸಿಂಗಲ್ ಮಾಲ್ಟು ಎಂಬ ದುಬಾರಿ ವಿಸ್ಕಿಗಳನ್ನು ಇಡಬೇಕೆಂದು ಹಟ. ಮಾಲು ಸಪ್ಲೈ ಮಾಡುವವರಲ್ಲಿ ಮೂರು ಬಗೆಯ ಮಾಲ್ಟು ಡಿಸ್ಕೌಂಟಿನಲ್ಲಿ ಹೊರಟಿತ್ತು. ಒಳಗಿನ ವಿಸ್ಕಿ ಅದೇ, ಲೇಬಲ್ಲು ಹೊಸದು ಬರುತ್ತದೆಂದು ಹಳೆಯ ಪೆಟ್ಟಿಗೆಗಳನ್ನು ಖಾಲಿ ಮಾಡುತ್ತಿದ್ದರು. ಒಮ್ಮೆ ತೆಗೆದುಕೊಂಡರೆ ವಾಪಸಿಲ್ಲ. ಆ ಮೂರರ ಸ್ಯಾಂಪಲ್ಲುಗಳೇ ಈ ಪುಟ್ಟ ಬಾಟಲಿಗಳು. ಭಾನುವಾರ ವಾಶಿಯ ತನ್ನ ಮನೆಗೆ ಸೇಲ್ಸ್‌ನವನನ್ನು ಕರೆಸಿದ್ದ. "ಅಣ್ಣ, ನೀವು ಮೂಸಿ ಹೇಳಿದ್ದೇ ಫೈನಲ್. ಅತ್ತಿಗೆಯನ್ನೂ ಕರ್ಕೊಂಡು ಬನ್ನಿ, ಊಟ ನಮ್ಮಲ್ಲೇ" ಎಂದಿದ್ದ.

"ಇದ್ದದ್ದನ್ನು ಹೇಳಿಬಿಡಬಹುದಲ್ಲ" ಎಂದೆ ನಾನು.

"ಐವತ್ತನಾಲ್ಕು ವಯಸ್ಸಿಗೆ ಮೂಗಿಲ್ಲದ ಬಾರ್ ಮ್ಯಾನೇಜರನ್ನು ಯಾರು ಇಟ್ಟುಕೊಳ್ತಾರೆ? ನೀನು ಇಟ್ಟುಕೊಳ್ತೀಯಾ?"

"ನಾನು ಇಟ್ಟುಕೊಂಡು ಮೂರು ವರ್ಷ ಆಯ್ತಲ್ಲ."

ಇವರು ನಗಲಿಲ್ಲ. ಇವರ ಕೆಲಸ ಹೋಗಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ದೇವರ ಕೋಣೆಯ ಬಾಗಿಲನ್ನು ಎಳೆದುಕೊಂಡು ಬಂದೆ, ಮೂರು ಸ್ಟೀಲ್ ಲೋಟ ತೊಳೆದು ಒರೆಸಿದೆ. ಬಾಯಿಗೆ ಹಾಕುವುದಿಲ್ಲ, ಮೂಸುವುದು ಮಾತ್ರ ಎಂದು ಮೊದಲೇ ಕಂಡೀಷನ್ ಹಾಕಿದೆ.

ಮೊದಲನೆಯದು ತೆಳು ಬಣ್ಣದ್ದು. "ಸೇಬು ಹೆಚ್ಚಿಟ್ಟ ಹಾಗೆ. ಒಂಚೂರು ಜೇನು" ಎಂದೆ.

"ಸರಿ. ಅದು ಹಗುರದ್ದು. ಮತ್ತೆ?"

ಎರಡನೆಯದು ಕೆಂಪಗೆ ಚಹಾದ ಡಿಕಾಕ್ಷನ್ನಿನ ಹಾಗಿತ್ತು. "ಒಣದ್ರಾಕ್ಷಿ. ಖರ್ಜೂರ. ಬೆಲ್ಲದ ಪಾಕ ಇನ್ನೇನು ಎಳೆ ಬರಬೇಕು ಅನ್ನುವಾಗ ಬರ್ತದಲ್ಲ, ಅದು."

"ಶೆರಿ ಅಂತ ಒಂದು ವೈನು ಉಂಟು, ಅದರ ಪೀಪಾಯಿಯಲ್ಲಿ ಇಟ್ಟದ್ದು" ಎಂದರು. ಮುಖದಲ್ಲಿ ಸ್ವಲ್ಪ ಬೆಳಕು ಬಂದಿತ್ತು.

ಮೂರನೆಯದನ್ನು ಮೂಗಿನ ಹತ್ತಿರ ತಂದವಳು ಕುರ್ಚಿಯನ್ನೇ ಹಿಂದಕ್ಕೆ ತಳ್ಳಿದೆ. "ಅಯ್ಯೋ ದೇವರೇ, ಆಸ್ಪತ್ರೆ! ಡ್ರೆಸ್ಸಿಂಗ್ ರೂಮು! ಹಿಂದಿನಿಂದ ತೆಂಗಿನ ಚಿಪ್ಪು ಸುಟ್ಟ ಹೊಗೆ. ಸಂಜೆ ಗಾಳಿ ತಿರುಗಿದರೆ ಫ್ಯಾಕ್ಟರಿ ಕಡೆಯಿಂದ ನಮ್ಮ ಬಾಲ್ಕನಿಗೆ ಬರ್ತದಲ್ಲ, ಥೇಟ್ ಅದೇ!"

ಇವರಿಗೆ ಈಗ ನಗು ತಡೆಯಲಾಗಲಿಲ್ಲ. "ಅದಕ್ಕೇ ಜನ ಜಾಸ್ತಿ ದುಡ್ಡು ಕೊಡುವುದು. ಅಲ್ಲಿ ಯಾವುದೋ ದ್ವೀಪದಲ್ಲಿ ಜೌಗು ಮಣ್ಣು ಸುಟ್ಟು, ಆ ಹೊಗೆಯಲ್ಲಿ ಬಾರ್ಲಿ ಒಣಗಿಸ್ತಾರೆ."

"ನಾವು ಇಲ್ಲಿ ಬಿಟ್ಟಿಯಾಗಿ ಮೂಸ್ತಾ ಇದ್ದೇವಲ್ಲ" ಎಂದೆ.

ಅಷ್ಟರಲ್ಲಿ ಕಾಲೇಜಿಗೆ ಹೊರಟ ಮಗಳು ಬಂದು ನಿಂತಳು. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಮಮ್ಮಿ! ಸುಬಹ್ ಸುಬಹ್?" ಬೆಳಬೆಳಿಗ್ಗೆಯೇ ಇದೇನು ಎಂದು.

"ಪಪ್ಪನಿಗೆ ಹೆಲ್ಪ್ ಮಾಡ್ತಿದ್ದೇನೆ."

"ಕ್ಯಾ ಹೆಲ್ಪ್? ಖತಮ್ ಕರ್ನೇ ಮೇಂ?" ಬಾಟಲಿ ಮುಗಿಸಲಿಕ್ಕಾ ಎನ್ನುತ್ತ ಚಪ್ಪಲಿ ಮೆಟ್ಟಿಕೊಂಡು ಹೋದಳು.

ನಾನು ಹೇಳಿದ ವಾಸನೆಗೆ ಇವರು ನಾಲಿಗೆಯ ಮೇಲೆ ಗುರುತು ಹುಡುಕಬೇಕಾಗಿತ್ತು. ಸಿಹಿ, ಕಹಿ, ಉರಿ ಇಷ್ಟು ಇವರಿಗೆ ಉಳಿದಿವೆ. ಒಂದೊಂದು ಹನಿ ಬಾಯಿಗೆ ಬಿಟ್ಟುಕೊಂಡು ತೀರ್ಮಾನಕ್ಕೆ ಬಂದೆವು: ತೆಳುವಾಗಿ ಸಿಹಿಯಾದರೆ ಸೇಬಿನದು, ದಪ್ಪ ಸಿಹಿಯಾಗಿ ನಾಲಿಗೆ ಒಗರಾದರೆ ದ್ರಾಕ್ಷಿಯದು, ಗಂಟಲು ಉರಿದರೆ ಹೊಗೆಯದು. ಗುರು, ಶುಕ್ರ, ಶನಿ ಮೂರು ಬೆಳಿಗ್ಗೆಯೂ ಇದೇ ಪಾಠ. ಇವರು ಗೋಡೆಯ ಕಡೆ ಮುಖ ಮಾಡಿ ಕೂರುವುದು, ನಾನು ಲೋಟಗಳನ್ನು ಅದಲು ಬದಲು ಮಾಡಿ ಕೈಗೆ ಕೊಡುವುದು. ಶನಿವಾರದ ಹೊತ್ತಿಗೆ ಒಂದೂ ತಪ್ಪಲಿಲ್ಲ. ಸಣ್ಣ ಬಾಟಲಿಗಳ ತಳ ಕಂಡಿತ್ತು.

ಭಾನುವಾರ ಥಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸಿ ವಾಶಿಗೆ ಹೋದೆವು. ಖಾಲಿ ಬೋಗಿಯಲ್ಲಿ ಎದುರುಬದುರಾಗಿ ಕುಳಿತಿದ್ದೆವು. ಐರೋಲಿ ಸ್ಟೇಷನ್ನಿನಿಂದಲೇ ಇವರ ತುಟಿ ಅಲುಗಾಡುತ್ತಿತ್ತು, ಪರೀಕ್ಷೆಗೆ ಹೊರಟವರ ಹಾಗೆ. ನಾನು ಕಿಟಕಿಯಿಂದ ಹೊರಗೆ ನೋಡುವವಳಂತೆ ಕುಳಿತೆ.

ಸಣ್ಣ ಸೇಟುವಿನ ಮನೆಯ ಹಾಲಿನಲ್ಲಿ ಟೀಪಾಯಿಯ ಮೇಲೆ ಮೂರು ಗಾಜಿನ ಲೋಟ, ಯಾವುದರಲ್ಲಿ ಯಾವುದೆಂದು ಗುರುತಿಲ್ಲ. ಸೇಲ್ಸ್‌ನವನು ಟೈ ಕಟ್ಟಿಕೊಂಡು ಬಂದಿದ್ದ, ಕನ್ನಡವೂ ಅಷ್ಟಿಷ್ಟು ಬರುತ್ತಿತ್ತು. ಇವರು ಮೊದಲ ಲೋಟ ಎತ್ತಿ ತಿರುಗಿಸಿ, ಕಣ್ಣು ಮುಚ್ಚಿ ಮೂಗಿಗೆ ಹಿಡಿದರು. ಏನೂ ಬರುವುದಿಲ್ಲ ಎಂದು ಗೊತ್ತಿದ್ದೂ ಅಷ್ಟು ಹೊತ್ತು ಹಿಡಿದದ್ದನ್ನು ನೋಡಲು ನನಗೆ ಕಷ್ಟವಾಯಿತು. ಆಮೇಲೆ ಒಂದು ಗುಟುಕು. ಮೂರಕ್ಕೆ ಮೂರೂ ಸರಿ.

"ದೇಖಾ?" ಎಂದು ಸೇಟು ಸೇಲ್ಸ್‌ನವನ ತೊಡೆಗೆ ತಟ್ಟಿದ. "ಲೇಬಲ್ ನೋಡದೆ!"

ಅಷ್ಟಕ್ಕೇ ಮುಗಿದಿದ್ದರೆ ಊಟಕ್ಕೆ ಏಳಬಹುದಿತ್ತು. ಸೇಲ್ಸ್‌ನವನು ಚೀಲದಿಂದ ಇನ್ನೊಂದು ಬಾಟಲಿ ತೆಗೆದ. "ಸರ್, ಏಕ್ ಔರ್ ಹೈ. ಸ್ವಲ್ಪವೇ ಸ್ಟಾಕ್ ಉಂಟು" ಎಂದು, ಲೇಬಲ್ಲಿಗೆ ಕೈ ಅಡ್ಡ ಹಿಡಿದು ನಾಲ್ಕನೆಯ ಲೋಟಕ್ಕೆ ಸುರಿದ.

ಇವರು ಕುಡಿದರು. ಗಂಟಲು ಏರಿ ಇಳಿಯಿತು, ಕಣ್ಣಲ್ಲಿ ನೀರು ಬಂತು, ಒಂದು ಕೆಮ್ಮು. "ಹೊಗೆಯದು" ಎಂದರು. "ದ್ವೀಪದ್ದೇ. ಭಾರೀ ಹೊಗೆ."

ಸೇಲ್ಸ್‌ನವನು ಸೇಟುವಿನ ಮುಖ ನೋಡಿದ. ಟೀಪಾಯಿಯ ಈಚೆ ಕುಳಿತ ನನಗೆ ಬರುತ್ತಿದ್ದದ್ದು ದ್ರಾಕ್ಷಿ ಮತ್ತು ಬೆಲ್ಲ. ಹೊಗೆಯ ಎಳೆಯೂ ಇಲ್ಲ. ಅದು ನೀರು ಬೆರೆಸದೆ ಪೀಪಾಯಿಯಿಂದ ನೇರ ತುಂಬಿದ, ಖಾರ ಹೆಚ್ಚಿನ ಶೆರಿ ಪೀಪಾಯಿಯದೇ ಎಂದು ಆಮೇಲೆ ತಿಳಿಯಿತು. ಗಂಟಲು ಉರಿದದ್ದೆಲ್ಲ ಹೊಗೆ ಎಂಬ ನಿಯಮ ಮಾಡಿದವರು ನಾವೇ, ನಮ್ಮ ಅಡುಗೆಮನೆಯಲ್ಲಿ.

"ಅಣ್ಣ, ಪಕ್ಕಾ?" ಎಂದ ಸೇಟು. "ಇದನ್ನೂ ಒಂದು ಪೆಟ್ಟಿಗೆ ಬರೆಸ್ಲಾ?"

ಇವರು ಹೂಂ ಎನ್ನಲು ಬಾಯಿ ತೆರೆಯುವುದು ಕಂಡಿತು. ಇಂದು ಹೂಂ ಎಂದರೆ ನಾಳೆ ಇನ್ನೊಂದು ಹೂಂ ಎನ್ನಬೇಕು, ನಾನು ಇನ್ನೆಷ್ಟು ಬೆಳಿಗ್ಗೆ ಲೋಟ ತೊಳೆಯಬೇಕು? ಎದ್ದು ಹೋಗಿ ಇವರ ಕೈಯಿಂದ ಲೋಟ ತೆಗೆದುಕೊಂಡೆ. ಸರಿಯಾಗಿ ಮೂಸಿದೆ.

"ಇದರಲ್ಲಿ ಹೊಗೆ ಇಲ್ಲ. ಎರಡನೆಯದರ ಅಕ್ಕನೋ ತಂಗಿಯೋ ಇರ್ಬೇಕು. ದ್ರಾಕ್ಷಿ ಉಂಟು, ಖಾರ ಜಾಸ್ತಿ."

ಸೇಲ್ಸ್‌ನವನು ಬಾಟಲಿಯ ಮೇಲಿನ ಕೈ ತೆಗೆದ. ಸೇಟು ನನ್ನನ್ನು ನೋಡಿ, "ಅತ್ತಿಗೆ! ನೀವು ಯಾವಾಗಿಂದ?" ಎಂದ.

"ಗುರುವಾರದಿಂದ."

ಇವರು ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡರು. ನನ್ನ ಕಡೆ ನೋಡಲಿಲ್ಲ. ಆಮೇಲೆ ತಾವಾಗಿಯೇ ಹೇಳಿದರು: "ನನಗೆ ವಾಸನೆ ಗೊತ್ತಾಗುವುದಿಲ್ಲ. ಕೊರೋನಾದಲ್ಲಿ ಹೋದದ್ದು. ಮೂರು ವರ್ಷ ಆಯ್ತು."

ಸೇಟು ಎದ್ದು ಕಿಟಕಿಯ ತನಕ ಹೋಗಿ ಬಂದ. "ಮೂರು ವರ್ಷ! ನಾನು ಸಿಕ್ಕಿದವರಿಗೆಲ್ಲ ನಮ್ಮ ಅಣ್ಣನ ಮೂಗು, ಅಣ್ಣನ ಮೂಗು ಅಂತ ಹೇಳ್ಕೊಂಡು ತಿರುಗ್ತೇನೆ. ನನ್ನನ್ನು ಪೂರಾ ಯೇಡಾ, ಮಂಗ ಮಾಡಿಬಿಟ್ರಲ್ಲ! ಮಾಲು ಬದಲಿಸಿ ಗಿರಾಕಿಗೆ ಹೋಗಿದ್ರೆ?"

"ಹೋಗಲಿಲ್ಲ."

"ನಿಮಗೆ ಹೇಗೆ ಗೊತ್ತು?"

"ಮುಚ್ಚುವಾಗ ಪ್ರತಿ ಬಾಟಲಿಯ ಹಿಂದೆ ಮಾಲು ಇರುವ ಮಟ್ಟಕ್ಕೆ ಪೆನ್ನಿನಿಂದ ಗೆರೆ ಹಾಕ್ತೇನೆ. ಬೆಳಿಗ್ಗೆ ಗೆರೆ ನೋಡಿ, ಹನಿ ನಾಲಿಗೆಗೆ ಹಾಕ್ತೇನೆ. ಮೊದಲು ಹತ್ತು ನಿಮಿಷದ ಕೆಲಸ, ಈಗ ಒಂದು ಗಂಟೆ. ಅದಕ್ಕೇ ಬೇಗ ಬರ್ತೇನೆ."

ಇದು ನನಗೂ ಗೊತ್ತಿರಲಿಲ್ಲ. ತಡವಾದರೆ ರಿಕ್ಷಾ ಸಿಗುವುದಿಲ್ಲ, ಅದಕ್ಕೆ ಬೇಗ ಹೊರಡುತ್ತೇನೆ ಎಂದು ನನ್ನ ಹತ್ತಿರ ಹೇಳುತ್ತಿದ್ದರು.

ಸೇಟು ಕುಳಿತ. ನೀರು ಕುಡಿದ. ಕೋಪ ಪೂರ್ತಿ ಇಳಿದಿರಲಿಲ್ಲ, ಆದರೆ ಸೇಲ್ಸ್‌ನವನು ಕಾಯುತ್ತಿದ್ದ. "ಆಯ್ತು. ಈಗ ಯಾವುದು ತಗೊಳ್ಳುವುದು? ಸೇಬಿನದಕ್ಕೆ ಡಿಸ್ಕೌಂಟ್ ಎಲ್ಲಕ್ಕಿಂತ ಜಾಸ್ತಿ ಉಂಟು. ಅತ್ತಿಗೆ, ನೀವೇ ಹೇಳಿ."

"ದ್ರಾಕ್ಷಿಯದು, ಎರಡನೆಯದೇ" ಎಂದೆ. "ಹೊಗೆಯದು ಮಾತ್ರ ಬೇಡ. ಎಂಐಡಿಸಿಯಲ್ಲಿ ಕೂತು ಆ ವಾಸನೆಗೆ ಯಾರು ದುಡ್ಡು ಕೊಡ್ತಾರೆ?"

"ಅಲ್ಲ" ಎಂದರು ಇವರು.

ಮೂವರೂ ತಿರುಗಿ ನೋಡಿದೆವು.

"ಸೇಬಿನದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ನಮ್ಮವರು ಸೋಡಾ ಸುರೀತಾರೆ, ಐಸ್ ಹಾಕ್ತಾರೆ. ಮತ್ತೆ ಅದರಲ್ಲಿ ಎಂತ ಉಳೀತದೆ? ಟವರಿನ ಫ್ಯಾಮಿಲಿಯವರಿಗೆ ದ್ರಾಕ್ಷಿಯದು ಒಂದು ಪೆಟ್ಟಿಗೆ ಸಾಕು. ಹೊಗೆಯದು ಎರಡು ತಗೊಳ್ಳಿ. ನಮ್ಮ ಖಾಯಂ ಗಿರಾಕಿಗಳು ಯಾರು? ದಿನವಿಡೀ ಕೆಮಿಕಲ್ ಪ್ಲಾಂಟಿನಲ್ಲಿ ಇರುವ ಆಫೀಸರುಗಳು. ಅವರ ಮೂಗು ಮಂದವಾಗಿದೆ, ಇವಳಿಗೆ ಬರುವ ಆಸ್ಪತ್ರೆ ವಾಸನೆ ಅವರಿಗೆ ಬರುವುದೇ ಇಲ್ಲ. ಅಂಥವರಿಗೆ ನಾಲಿಗೆಗೆ ಏನಾದರೂ ಸಿಗಬೇಕು. ಮೂರರಲ್ಲಿ ನನಗೆ ಏನೋ ಕುಡಿದೆ ಅಂತ ಅನ್ನಿಸಿದ್ದು ಅದೊಂದೇ."

ಸೇಟು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ಅಷ್ಟು ಡಿಸ್ಕೌಂಟ್ ಬಿಡುವುದಾ ಅಣ್ಣ?"

"ಬಿಡಿ."

"ಲಿಖೋ" ಎಂದು ಸೇಲ್ಸ್‌ನವನಿಗೆ ಬರೆಸಿದ. "ಸ್ಮೋಕಿ ದೋ, ಶೆರಿ ಏಕ್. ದೂಸರಾ ಕುಛ್ ನಹೀಂ."

ಊಟಕ್ಕೆ ಕುಳಿತಾಗ ಸೇಟು, ಬಡಿಸಿದ ಬಂಗುಡೆ ಮೀನನ್ನು ಬಿಡಿಸುತ್ತ ಹೇಳಿದ: "ಅಣ್ಣ, ಕೌಂಟರ್ ನಿಮ್ಮದೇ. ಆದ್ರೆ ಸ್ಟಾಫಿಗೆ ಗೊತ್ತಿರಬೇಕು. ಮೂಸುವುದನ್ನು ಇನ್ನೊಬ್ಬರಿಗೆ ಕಲಿಸಿ. ನಾನು ಯಾರಿಗೂ ಹೇಳುವುದಿಲ್ಲ, ನೀವೇ ಹೇಳ್ಬೇಕು. ನಾಳೆಯೇ."

"ಹೇಳ್ತೇನೆ" ಎಂದರು ಇವರು.

ವಾಪಸು ಬರುವಾಗ ಗಾಡಿ ತುರ್ಭೆ ಸ್ಟೇಷನ್ ದಾಟಿತು. ಆಮೇಲೆ, "ಲೋಟವನ್ನು ಕೈಯಿಂದ ಕಿತ್ತುಕೊಳ್ಳಬೇಕಿತ್ತಾ?" ಎಂದು ಕೇಳಿದರು.

"ಕಿತ್ತುಕೊಳ್ಳಲಿಲ್ಲ. ತೆಗೆದುಕೊಂಡೆ."

ಸೋಮವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡರು. ಬೇಗ ಹೊರಡುವ ಅಗತ್ಯ ಇನ್ನು ಇರಲಿಲ್ಲ, ಆದರೂ ಅದೇ ಹೊತ್ತಿಗೆ ಹೊರಟರು. ಬಾಗಿಲಲ್ಲಿ ನಿಂತು ಚಪ್ಪಲಿಯ ಪಟ್ಟಿ ಸರಿಮಾಡುತ್ತ, ತಲೆಯೆತ್ತದೆ ಕೇಳಿದರು: "ಮೊದಲು ಯಾರಿಗೆ ಹೇಳಲಿ?"

"ಬಾರಿನ ಅಡುಗೆಯವನಿಗೆ" ಎಂದೆ. "ಮೀನು ಹಳತೋ ಹೊಸತೋ ಇಷ್ಟು ದಿನ ನೀವು ಹೇಗೆ ಹೇಳಿದಿರೋ ದೇವರಿಗೇ ಗೊತ್ತು. ಇವತ್ತಿಂದ ಅವನೇ ಮೂಸಲಿ."

"ಅವನು ನಗ್ತಾನೆ."

"ನಗಲಿ. ನೀವು ಹೇಳಿ ಬನ್ನಿ."

ಲಿಫ್ಟಿಗೆ ಕಾಯದೆ ಮೆಟ್ಟಿಲು ಇಳಿದು ಹೋದರು.