ಸೊಟ್ಟ ತೊಲೆಗೆ ಯಾವ ಗರಗಸ

ಭಾಮೈದ ಎರಡು ವಾರದಿಂದ ಟೇಬಲ್ ಸಾ, ಅಂದರೆ ಮೇಜಿನ ಗರಗಸದ ಜಪ ಮಾಡುತ್ತಿದ್ದ. ನನ್ನದು ಬ್ಯಾಂಡ್ ಸಾ, ಪಟ್ಟಿ ಗರಗಸದ ಪಕ್ಷ. ಶೆಟ್ಟಿಹಳ್ಳಿಯ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಕಾರಿಲ್ಲ, ಆದರೆ ಎರಡು ಯಂತ್ರಕ್ಕೆ ಜಾಗವೂ ಇಲ್ಲ. ಹುಣಸಮಾರನಹಳ್ಳಿಯಲ್ಲಿ ಮಾವನವರ ಹಳೆಯ ಕೊಟ್ಟಿಗೆ ಕೆಡವಿದಾಗ ಸಿಕ್ಕ ಹೊನ್ನೆ ತೊಲೆಗಳನ್ನು ಉದ್ದಕ್ಕೆ ಸೀಳಿ ಉಯ್ಯಾಲೆ ಮಾಡುವುದು ನಮ್ಮ ಯೋಜನೆ. ಇಬ್ಬರ ಮರಗೆಲಸದ ಅನುಭವವೂ ಸೇರಿ ಒಂದು ಸ್ಟೂಲು, ಅದೂ ಅಲುಗಾಡುತ್ತದೆ.

ಭಾಮೈದ ಶನಿವಾರದ ಭಜನೆಗೆ ತಬಲ ಬಾರಿಸುವವನು. ಹಾಗಾಗಿ ಹೆಂಡತಿ ಒಂದೇ ಷರತ್ತು ಹಾಕಿದಳು. "ಯಾವ ಮೆಷಿನ್ ಆದ್ರೂ ತಗೊಳ್ಳಿ. ನನ್ನ ತಮ್ಮನ ಒಂದು ಬೆರಳು ಹೋದ್ರೂ ಇಬ್ರೂ ಶೆಡ್ಡಲ್ಲೇ ಮಲಗ್ಬೇಕು."

ಭಾಮೈದ ತೋರಿಸಿದ ವಿಡಿಯೊಗಳನ್ನು ನಾನು ಸಾಕ್ಷಿಯೆಂದು ಒಪ್ಪಲಿಲ್ಲ. ಒಂದು ಸೊಟ್ಟ ತುಂಡನ್ನು ಆಟೊದಲ್ಲಿ ಹೇರಿಕೊಂಡು ಯಶವಂತಪುರದ ಪರಿಚಿತ ಮೇಸ್ತ್ರಿಯ ಬಳಿ ಹೋದೆವು. ಅವರಲ್ಲಿ ಎರಡೂ ಯಂತ್ರಗಳಿದ್ದವು.

ಮೊದಲು ಟೇಬಲ್ ಸಾ. ಮೇಜಿನ ನಡುವೆ ಗುಂಡು ಗರಗಸ ಗಿರ್ರೆಂದಿತು. ಭಾಮೈದ ಮುಖ ಅರಳಿಸಿಕೊಂಡು ಮರದ ನೇರಕ್ಕೇ ನಿಂತ.

"ಸ್ವಾಮಿ, ಈ ಕಡೆ ಬನ್ನಿ. ಅಲ್ಲಿ ನಿಂತ್ರೆ ಮರ ಹೊಟ್ಟೆಗೇ ಬರುತ್ತೆ," ಎಂದರು ಮೇಸ್ತ್ರಿ.

ಅವನು ಸರಿದ. ಮೇಸ್ತ್ರಿ ನಮ್ಮ ತುಂಡನ್ನು ಅಲಗಿಗೆ ತಳ್ಳಿದರು. ಅರ್ಧ ಸೀಳಿದ ತುಂಡು ಅಲಗನ್ನು ಕಚ್ಚಿಕೊಂಡಿತು, ಹಿಂದಕ್ಕೆ ಚಿಮ್ಮಿತು, ಅವನು ನಿಂತಿದ್ದ ಜಾಗ ದಾಟಿ ಪ್ಲಾಸ್ಟಿಕ್ ಕುರ್ಚಿಯ ಬೆನ್ನಿಗೆ ತೂತು ಕೊರೆಯಿತು. ಮೂವರೂ ಕುರ್ಚಿಯನ್ನು ನೋಡಿದೆವು. ಮೊದಲು ನಕ್ಕವರು ಯಾರೆಂಬ ಬಗ್ಗೆ ಇಂದಿಗೂ ಒಮ್ಮತವಿಲ್ಲ.

"ಮೇಸ್ತ್ರಿ, ಅಲಗಿನ ಹಿಂದೆ ಒಂದು ತಗಡು ಇರುತ್ತಲ್ಲ, ಸೀಳಿದ ಮರ ಮತ್ತೆ ಕೂಡ್ಕೊಳ್ದೇ ಇರೋಕೆ?" ಎಂದು ಕೇಳಿದೆ.

ಅವರು ಗೋಡೆಯತ್ತ ನೋಡಿದರು. ಆಯುಧಪೂಜೆಗೆಂದು ಬಿಚ್ಚಿ ತೊಳೆದ ತಗಡು, ಅರಿಶಿನ ಕುಂಕುಮದೊಡನೆ, ಒಣಗಿದ ಚೆಂಡುಹೂವಿನ ಹಾರ ಹೊತ್ತು ದೇವರ ಪಟದ ಪಕ್ಕ ಮೊಳೆಗೆ ತೂಗುತ್ತಿತ್ತು. ಸಂಕ್ರಾಂತಿ ಕಳೆದು ವಾರವಾಗಿತ್ತು.

"ದೇವ್ರ ಹತ್ರ ಇಟ್ಟಿದ್ದನ್ನ ಇಳ್ಸೋಕೆ ಮನ್ಸು ಬರ್ಲಿಲ್ಲ ಸಾರ್."

"ಇಷ್ಟು ದಿನ ಮೆಷಿನ್ ಹತ್ರ ದೇವ್ರೇ ಡ್ಯೂಟಿ ಮಾಡಿದಾನೆ ಬಿಡಿ," ಎಂದ ಭಾಮೈದ. ಮತ್ತೆ ನಗು.

ನಾನು ಪತ್ರಿಕೆಯವನು, ಒಂದೇ ಪಕ್ಷದ ಮಾತಿನ ಮೇಲೆ ಸುದ್ದಿ ಬರೆಯುವಂತಿಲ್ಲ. ತಗಡು ಹಾಕಿಸಿ ಇನ್ನೊಮ್ಮೆ ಸೀಳಿಸಿದೆ. ಈ ಸಲ ಮರ ಹಾರಲಿಲ್ಲ. ಆದರೆ ಸೊಟ್ಟ ಬದಿ, ಮರ ನೇರ ಸಾಗಲೆಂದು ಮೇಜಿನ ಮೇಲೆ ಕೂರಿಸಿದ ಪಕ್ಕದ ಪಟ್ಟಿಗೆ ನೆಟ್ಟಗೆ ಒರಗದೆ ತೊಟ್ಟಿಲಿನಂತೆ ಆಡಿತು. ಮೇಸ್ತ್ರಿ ಎರಡು ಸಲ ಯಂತ್ರ ನಿಲ್ಲಿಸಿದರು. "ನೆಟ್ಟಗಿರೋ ಹಲಗೆಗೆ ಇದೇ ರಾಜ. ನಿಮ್ಮ ತೊಲೆಗಲ್ಲ."

ಬ್ಯಾಂಡ್ ಸಾದಲ್ಲಿ ಪಟ್ಟಿಯಂಥ ಅಲಗು ಮೇಲಿಂದ ಕೆಳಕ್ಕೆ ಓಡುತ್ತದೆ. ಮರವನ್ನು ಮೇಜಿಗೇ ಒತ್ತುತ್ತದೆ, ನಮ್ಮತ್ತ ಎಸೆಯುವುದಿಲ್ಲ. ಎಳೆದ ಗೆರೆಯ ಮೇಲೆಯೇ ತುಂಡು ಸಾಗಿತು. ಬೆರಳಿಗೆ ಇದೂ ನೆಂಟನಲ್ಲ. ಕೊನೆಯ ಗೇಣುದ್ದವನ್ನು ಮೇಸ್ತ್ರಿ ಕೋಲಿನಿಂದ ತಳ್ಳಿದರು. ಹಲಗೆ ಕಳಚಿ ಬಿತ್ತು. ಭಾಮೈದ ಅದನ್ನು ಮೂಸಿ ನೋಡಿ, "ಇದೇ ಇರ್ಲಿ ಭಾವ," ಎಂದ.

ಮನೆಗೆ ಮರಳುವಾಗ ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿನಲ್ಲಿ ಅಕ್ಕನಿಗೆ ಫೋನ್ ಮಾಡಿದ. "ಬ್ಯಾಂಡ್ ಸಾನೇ ಅಂತ ಡಿಸೈಡ್ ಆಯ್ತು ಕಣಕ್ಕಾ..." ಅಷ್ಟರಲ್ಲಿ ನಗು ತಡೆಯಲಾಗದೆ ಫೋನನ್ನು ನನ್ನ ಕೈಗಿಟ್ಟ.

"ಯಾಕ್ರೀ ಇಷ್ಟು ನಗ್ತಿದಾನೆ? ಏನಾಯ್ತು ಅಲ್ಲಿ?"

"ಒಂದು ಕುರ್ಚಿ ಹೋಯ್ತು," ಎಂದೆ. "ಪ್ರಾಣಹಾನಿ ಇಲ್ಲ."